ಫರ್ಹಾದ್, ಶೀರೀನ್ ಮತ್ತು ಆ ಬೆಟ್ಟ: ಪದೇ ಪದೇ ಕೇಳುವ ಪ್ರಶ್ನೆಗಳು

ಪರ್ಷಿಯನ್ ಕತೆಗಳ ಮಾತು ಬಂದಾಗಲೆಲ್ಲ ಫರ್ಹಾದನ ಬಗ್ಗೆ ಜನ ಅವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ ಆಗಿವೆ. ನನಗೆ ಇಷ್ಟವಾದ ಜಾಗದಲ್ಲಿ ನಿಂತುಬಿಟ್ಟಿದ್ದೇನೆ, ಅಷ್ಟೇ.

ಫರ್ಹಾದ್ ಅಂದರೆ ಯಾರು?

ಕಲ್ಲು ಕಡಿಯುವವನು. ಕವಿಗಳು ಅವನನ್ನು ‘ಕೋಹ್‌ಕನ್’ ಅಂತಲೂ ಕರೆಯುತ್ತಾರೆ, ಬೆಟ್ಟ ಕಡಿದವನು ಅಂತ ಅರ್ಥ. ಶೀರೀನ್ ಎಂಬ ರಾಜಮನೆತನದ ಹೆಣ್ಣನ್ನು ಪ್ರೀತಿಸಿದ. ಅವಳಿಗಾಗಿ ಬಂಡೆ ಕಡಿದು ಹಾಲಿನ ಕಾಲುವೆ ಮಾಡಿಕೊಟ್ಟ. ಆಮೇಲೆ ಒಂದು ಇಡೀ ಬೆಟ್ಟಕ್ಕೇ ಕೈ ಹಾಕಿದ. ಕೊನೆಗೆ ಒಂದು ಸುಳ್ಳು ಸುದ್ದಿ ನಂಬಿ ಸತ್ತ.

‘ಶೀರೀನ್ ಫರ್ಹಾದ್’ ಅಂತ ಜೋಡಿಯಾಗಿ ಹೇಳ್ತಾರಲ್ಲ, ಅವನೇ ನಾಯಕ ಅಲ್ವಾ?

ಅಲ್ಲ! ತುಂಬಾ ಜನ ತಪ್ಪು ತಿಳಿದುಕೊಂಡಿರುವುದು ಇಲ್ಲೇ. ಈ ಕತೆಗೆ ದೊಡ್ಡ ಹೆಸರು ತಂದುಕೊಟ್ಟವನು ನಿಜಾಮಿ ಗಂಜವಿ. ಈಗಿನ ಅಜೆರ್ಬೈಜಾನ್‌ನ ಗಂಜಾ ಊರಿನ ಕವಿ, ಸುಮಾರು 1141ರಿಂದ 1209ರವರೆಗೆ ಬದುಕಿದ್ದ. ಅವನ ಕಾವ್ಯದ ಹೆಸರೇ ‘ಖುಸ್ರೋ ಮತ್ತು ಶೀರೀನ್’. 12ನೇ ಶತಮಾನದ ಕೊನೆಯ ಭಾಗದಲ್ಲಿ ಬರೆದದ್ದು, 6,000ಕ್ಕೂ ಹೆಚ್ಚು ದ್ವಿಪದಿಗಳಿವೆ. ಹೆಸರಿನಲ್ಲೇ ಫರ್ಹಾದ್ ಇಲ್ಲ ನೋಡಿ. ಅವನು ಕತೆಯ ನಡುವೆ ಬರುತ್ತಾನೆ, ಸ್ವಲ್ಪ ಹೊತ್ತು ಇರುತ್ತಾನೆ, ಸಾಯುತ್ತಾನೆ. ಅವನು ಹೋದ ಮೇಲೂ ಕತೆ ಬಹಳ ದೂರ ಸಾಗುತ್ತದೆ.

ಶೀರೀನ್ ಪ್ರೀತಿಸುವುದೂ ಇರಾನಿನ ಅರಸ ಖುಸ್ರೋನನ್ನೇ, ಮದುವೆಯಾಗುವುದೂ ಅವನನ್ನೇ. ಅಂದರೆ ಬೇರೆಯವರ ಪ್ರೇಮಕತೆಯಲ್ಲಿ ಬಂದುಹೋದ ಮೂರನೆಯವನು ಫರ್ಹಾದ್. ಆದರೂ ಜನರ ಬಾಯಲ್ಲಿ ಉಳಿದದ್ದು ಅವನ ಹೆಸರು. ಚಕ್ರವರ್ತಿಯನ್ನು ಪಕ್ಕಕ್ಕೆ ಸರಿಸಿ ಕೂಲಿಯವನು ಹೋಗಿ ಶೀರೀನ್ ಪಕ್ಕ ನಿಂತುಬಿಟ್ಟ. ಇದು ಕವಿ ಮಾಡಿದ ಕೆಲಸ ಅಲ್ಲ, ಕತೆ ಕೇಳಿದ ಜನ ಮಾಡಿದ್ದು.

ಪೂರ್ತಿ ಕತೆ ಹೇಳ್ತೀರಾ?

ನಿಜಾಮಿ ಹೇಳಿದ ಹಾಗೇ ಹೇಳುತ್ತೇನೆ.

ಖುಸ್ರೋ ಪರ್ವೇಜ್ ಇರಾನಿನ ರಾಜಕುಮಾರ. ಅವನ ಗೆಳೆಯ ಶಾಪೂರ್ ಚಿತ್ರಗಾರ. ಅರ್ಮೇನಿಯಾದ ರಾಣಿ ಮಹೀನ್ ಬಾನುವಿನ ತಮ್ಮನೋ ಅಣ್ಣನೋ ಮಗಳು ಶೀರೀನ್, ಅವಳ ಚೆಲುವನ್ನು ಶಾಪೂರ್ ವರ್ಣಿಸುತ್ತಾನೆ. ಖುಸ್ರೋ ಕೇಳಿಯೇ ಮರುಳಾಗುತ್ತಾನೆ. ಶಾಪೂರ್ ಅಲ್ಲಿಗೆ ಹೋಗಿ, ಶೀರೀನ್ ಗೆಳತಿಯರ ಜತೆ ಆಡಲು ಬರುವ ಜಾಗದಲ್ಲಿ ಖುಸ್ರೋನ ಚಿತ್ರ ಬರೆದು ಇಡುತ್ತಾನೆ. ಒಂದು ಸಲ ಅಲ್ಲ, ಮೂರು ಸಲ. ಅವಳೂ ಚಿತ್ರ ನೋಡಿಯೇ ಮನಸು ಕೊಡುತ್ತಾಳೆ. ಶಬ್ದೀಜ್ ಎಂಬ ಕಪ್ಪು ಕುದುರೆ ಏರಿ ಅವನ ಊರಿಗೆ ಹೊರಡುತ್ತಾಳೆ. ಅದೇ ಹೊತ್ತಿಗೆ ಅಪ್ಪನ ಕೋಪಕ್ಕೆ ಹೆದರಿ ಅವನು ಅವಳ ಊರಿನ ಕಡೆ ಹೊರಟಿರುತ್ತಾನೆ. ದಾರಿಯಲ್ಲಿ ಕೊಳದಲ್ಲಿ ಸ್ನಾನ ಮಾಡುತ್ತಿರುವ ಹುಡುಗಿಯನ್ನು ನೋಡುತ್ತಾನೆ, ಯಾರೆಂದು ಗೊತ್ತಾಗುವುದಿಲ್ಲ. ಇಬ್ಬರೂ ದಾಟಿ ಹೋಗುತ್ತಾರೆ.

ಆಮೇಲೆ ಭೇಟಿಯಾಗುತ್ತಾರೆ, ಜಗಳ ಆಡುತ್ತಾರೆ. ಕೈಬಿಟ್ಟುಹೋದ ಸಿಂಹಾಸನ ಮರಳಿ ಪಡೆಯಲು ಖುಸ್ರೋಗೆ ರೋಮ್ ಚಕ್ರವರ್ತಿಯ ಸೈನ್ಯ ಬೇಕಾಗುತ್ತದೆ. ಸೈನ್ಯದ ಜತೆಗೇ ಆ ಚಕ್ರವರ್ತಿಯ ಮಗಳು ಮರಿಯಮ್‌ಳನ್ನೂ ಮದುವೆಯಾಗುತ್ತಾನೆ. (ಇಲ್ಲಿ ರೋಮ್ ಅಂದರೆ ಕಾನ್‌ಸ್ಟಾಂಟಿನೋಪಲ್.) ಇತ್ತ ಶೀರೀನ್ ಬಿಸಿಲು ಸುಡುವ ಒಂದು ಬೋಳು ಜಾಗದ ಕೋಟೆಯಲ್ಲಿ ಒಬ್ಬಳೇ.

ಫರ್ಹಾದ್ ಬರುವುದು ಈಗ. ಶೀರೀನ್‌ಗೆ ಹಾಲು ಅಂದರೆ ಪ್ರಾಣ. ಆದರೆ ಕೋಟೆಯ ಸುತ್ತ ವಿಷದ ಗಿಡಗಳಿದ್ದವು, ಹಾಗಾಗಿ ಮಂದೆಯನ್ನು ದೂರದಲ್ಲಿ ಮೇಯಿಸಬೇಕಿತ್ತು. ಅಷ್ಟು ದೂರದಿಂದ ದಿನಾ ಹಾಲು ಹೊತ್ತು ತರುವುದು ಸುಲಭ ಅಲ್ಲ. ‘ನಾನೂ ಅವನೂ ಚೀನಾದಲ್ಲಿ ಒಬ್ಬನೇ ಗುರುವಿನ ಕೈಕೆಳಗೆ ಕಲಿತವರು, ಕಲ್ಲಿನ ಕೆಲಸದಲ್ಲಿ ಅವನಂಥವನಿಲ್ಲ’ ಅಂತ ಶಾಪೂರ್ ಇವನನ್ನು ಕರೆತರುತ್ತಾನೆ. ಪರದೆಯ ಆಚೆ ಕೂತು ಶೀರೀನ್ ತನಗೇನು ಬೇಕು ಅಂತ ಹೇಳುತ್ತಾಳೆ. ಫರ್ಹಾದನಿಗೆ ಕೇಳಿದ್ದು ದನಿ ಮಾತ್ರ, ಮಾತು ತಲೆಗೆ ಹತ್ತಲೇ ಇಲ್ಲ. ಹೊರಗೆ ಬಂದು ‘ಅವರು ಏನಂದರು?’ ಅಂತ ಪಕ್ಕದವರನ್ನು ಕೇಳಬೇಕಾಯಿತು. ಇಡೀ ಕಾವ್ಯದಲ್ಲಿ ನನಗೆ ಅತಿ ಇಷ್ಟವಾದದ್ದು ಈ ಜಾಗ. ಕೆಲಸ ಹೇಳಿಸಿಕೊಳ್ಳಲು ಬಂದ ಮೇಸ್ತ್ರಿ ಕೆಲಸ ಏನೆಂದೇ ಕೇಳಿಸಿಕೊಂಡಿಲ್ಲ.

ಆದರೂ ಒಂದೇ ತಿಂಗಳಲ್ಲಿ ಕೆಲಸ ಮುಗಿಸಿದ. ಮೇಯುವ ಜಾಗದಿಂದ ಕೋಟೆಯ ತನಕ ಗಟ್ಟಿ ಬಂಡೆಯಲ್ಲಿ ಕಾಲುವೆ, ಕೊನೆಯಲ್ಲಿ ಹಾಲು ಬಂದು ನಿಲ್ಲಲು ಒಂದು ಕಲ್ಲಿನ ತೊಟ್ಟಿ. ಶೀರೀನ್ ನೋಡಿ ಬೆರಗಾದಳು, ಕಿವಿಯ ಒಡವೆ ಬಿಚ್ಚಿ ಕೊಟ್ಟಳು. ಅವನು ತೆಗೆದುಕೊಂಡ, ಅವಳ ಕಾಲ ಬಳಿಯೇ ಚೆಲ್ಲಿ ಕಾಡಿನ ದಾರಿ ಹಿಡಿದ. ಅಲ್ಲಿ ಪ್ರಾಣಿಗಳೇ ಅವನ ಜತೆಗಾರರು.

ಸುದ್ದಿ ಖುಸ್ರೋನ ಕಿವಿಗೆ ಬಿತ್ತು. ಕರೆಸಿದ. ಚಿನ್ನ ಕೊಡುತ್ತೇನೆ ಅಂದ, ಇವನು ಕಣ್ಣೆತ್ತಿ ನೋಡಲಿಲ್ಲ. ಮಾತಿನಲ್ಲಿ ಸೋಲಿಸಲು ನೋಡಿದ, ಅದೂ ಆಗಲಿಲ್ಲ. ಕೊನೆಗೆ ‘ನಮ್ಮ ದಾರಿಗೆ ಅಡ್ಡವಾಗಿ ಒಂದು ಬೆಟ್ಟವಿದೆ, ಅದರ ನಡುವೆ ದಾರಿ ಕಡಿದುಕೊಡು’ ಅಂದ. ಅದು ಬೀಸೊತೂನ್ ಬೆಟ್ಟ, ಆಗದ ಕೆಲಸ ಅಂತ ಗೊತ್ತಿದ್ದೇ ಹೇಳಿದ್ದು. ಫರ್ಹಾದ್ ‘ಆಯಿತು, ಆದರೆ ಮುಗಿಸಿದ ದಿನ ಶೀರೀನ್ ಆಸೆಯನ್ನು ನೀವು ಬಿಡಬೇಕು’ ಅಂದ.

ಬೆಟ್ಟಕ್ಕೆ ಹೋಗಿ ಅವನು ಮಾಡಿದ ಮೊದಲ ಕೆಲಸ ದಾರಿಯಲ್ಲ. ಬಂಡೆಯ ಮೇಲೆ ಶೀರೀನ್ ರೂಪ ಕೆತ್ತಿದ. ಆಮೇಲೆ ದಿನಾ ಅದರ ಕಾಲಿಗೆ ಮುತ್ತಿಟ್ಟು ಬೆಟ್ಟ ಕಡಿಯಲು ಹೋಗುತ್ತಿದ್ದ.

ಒಂದು ದಿನ ಶೀರೀನ್ ತಾನೇ ನೋಡಲು ಬಂದಳು. ಕುಡಿಯಲು ಹಾಲು ಕೊಟ್ಟಳು. ಹಿಂದಿರುಗುವಾಗ ಕುದುರೆ ಸೋತು ಕುಸಿಯಿತು. ಫರ್ಹಾದ್ ಕುದುರೆಯನ್ನು ಸವಾರಳ ಸಮೇತ ಹೆಗಲ ಮೇಲೆ ಹೊತ್ತು ಕೋಟೆ ಮುಟ್ಟಿಸಿ, ಮತ್ತೆ ಕೆಲಸಕ್ಕೆ ವಾಪಸ್ ಹೋದ. ಆ ಭೇಟಿಯ ನಂತರ ಅವನ ಕೈಯ ಬಲ ಇನ್ನೂ ಜಾಸ್ತಿಯಾಯಿತು. ಬೆಟ್ಟ ನಿಜಕ್ಕೂ ಮುಗಿದುಬಿಡಬಹುದು ಅಂತ ಅರಮನೆಗೆ ಹೆದರಿಕೆ ಹುಟ್ಟಿತು. ಒಬ್ಬನನ್ನು ಕಳಿಸಿ ‘ಶೀರೀನ್ ಸತ್ತಳು’ ಅಂತ ಹೇಳಿಸಿದರು.

ಅರಸನ ಜತೆ ಆ ಮಾತುಕತೆ ಅಷ್ಟು ಪ್ರಸಿದ್ಧ ಯಾಕೆ?

ಒಂದು ಸಾಲು ಪ್ರಶ್ನೆ, ಒಂದು ಸಾಲು ಉತ್ತರ. ಒಂದು ಬೀಸು, ಒಂದು ತಡೆ. ಭಾವ ಕನ್ನಡದಲ್ಲಿ ಸುಮಾರು ಹೀಗೆ:

ಎಲ್ಲಿಯವನು ನೀನು? — ಸ್ನೇಹದ ನಾಡಿನವನು.
ಅಲ್ಲಿಯ ಜನರ ಕಸುಬೇನು? — ದುಃಖ ಕೊಳ್ಳುತ್ತಾರೆ, ಪ್ರಾಣ ಮಾರುತ್ತಾರೆ.
ಪ್ರಾಣ ಮಾರುವುದು ಮರ್ಯಾದೆಯಲ್ಲ. — ಪ್ರೀತಿಸುವವರಲ್ಲಿ ಇದೇನೂ ಹೊಸದಲ್ಲ.
ಮನಸಾರೆ ಪ್ರೀತಿಸಿದೆಯಾ? — ಮನಸು ಅನ್ನುವುದು ನೀವು, ನಾನು ಪ್ರಾಣ ಅನ್ನುತ್ತೇನೆ.
ರಾತ್ರಿ ಅವಳನ್ನು ಕಾಣುತ್ತೀಯಾ? — ನಿದ್ದೆ ಬಂದರೆ ಕಾಣುತ್ತೇನೆ, ನಿದ್ದೆ ಎಲ್ಲಿ?
ಅವಳನ್ನು ಮನಸಿನಿಂದ ಯಾವಾಗ ಅಳಿಸುತ್ತೀ? — ಮಣ್ಣಲ್ಲಿ ಮಲಗಿದಾಗ.

ಹೀಗೆ ಸಾಗುತ್ತದೆ. ಕೊನೆಗೆ ಖುಸ್ರೋ ಸುತ್ತಲಿನವರಿಗೆ ‘ಮಣ್ಣು ನೀರಿನಿಂದಾದ ಮನುಷ್ಯರಲ್ಲಿ ಇಷ್ಟು ಥಟ್ಟನೆ ಉತ್ತರ ಕೊಡುವವನನ್ನು ನಾನು ಕಂಡಿಲ್ಲ’ ಅನ್ನುತ್ತಾನೆ. ಮೂಲದಲ್ಲಿ ಇರುವ ಪದ ‘ಹಾಜಿರ್ ಜವಾಬಿ’. ಹಾಜರ್, ಜವಾಬು, ಎರಡೂ ನಮಗೆ ಗೊತ್ತಿರುವ ಪದಗಳೇ.

ಅರಸ ಸೋತದ್ದು ಮಾತಿನ ಚುರುಕಿನಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವನ ಹತ್ತಿರ ಕೊಡಲು ಇದ್ದದ್ದು ಎರಡೇ, ದುಡ್ಡು ಮತ್ತು ಭಯ. ಎದುರಿಗಿದ್ದವನಿಗೆ ಎರಡೂ ಬೇಕಿರಲಿಲ್ಲ. ಹಾಗಾಗಿ ಕೊನೆಗೆ ಕೆಲಸ ಕೊಟ್ಟ. ಫರ್ಹಾದ್ ಸಿಕ್ಕಿಬಿದ್ದದ್ದು ಅಲ್ಲಿ, ಯಾಕೆಂದರೆ ಕೆಲಸಕ್ಕೆ ಇಲ್ಲ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಅವನು ಸತ್ತದ್ದು ಬೆಟ್ಟದಿಂದ ಬಿದ್ದೋ, ತಲೆಗೆ ಹೊಡೆದುಕೊಂಡೋ?

ನಿಜಾಮಿಯಲ್ಲಿ ಸುದ್ದಿ ಕೇಳಿದ ಕೂಡಲೇ ಬೆಟ್ಟದ ಮೇಲಿಂದ ಉರುಳಿ ಬಿದ್ದು ಸಾಯುತ್ತಾನೆ. ‘ತೇಶಾ’ ಅಂದರೆ ಅವನ ಕೈಯಲ್ಲಿದ್ದ ಬಾಚಿ. ಅದನ್ನೇ ತಲೆಗೆ ಹೊಡೆದುಕೊಂಡ ಅನ್ನುವುದು ಆಮೇಲೆ ಬೆಳೆದ ಕತೆ, ಉರ್ದು ಕವಿಗಳಿಗೆ ಇದೇ ಇಷ್ಟ. ಸುಳ್ಳು ಸುದ್ದಿ ತಂದವನೂ ಬದಲಾಗಿದ್ದಾನೆ. ನಿಜಾಮಿಯಲ್ಲಿ ಅವನು ಗಂಡಸು, ಜನರ ಕತೆಗಳಲ್ಲಿ ಒಬ್ಬ ಮುದುಕಿ. ಕೆಟ್ಟ ಕೆಲಸವನ್ನು ಮುದುಕಿಯ ತಲೆಗೆ ಕಟ್ಟುವ ಚಾಳಿ ಎಲ್ಲ ಊರಲ್ಲೂ ಇದೆ ಅಂತ ಕಾಣುತ್ತದೆ.

ನಿಜಾಮಿ ಒಂದು ಸಣ್ಣ ವಿಷಯ ಸೇರಿಸುತ್ತಾನೆ. ಬಾಚಿಯ ಹಿಡಿ ಹಸಿ ದಾಳಿಂಬೆ ಮರದ್ದು. ಸುದ್ದಿ ಕೇಳಿ ಅವನು ಎಸೆದಾಗ ಅದು ಮಣ್ಣಲ್ಲಿ ನಾಟಿಕೊಂಡಿತು, ಚಿಗುರಿ ಮರವಾಯಿತು.

ಶೀರೀನ್‌ಗೆ ಅವನ ಮೇಲೆ ಪ್ರೀತಿ ಇತ್ತಾ?

ಕರುಣೆ ಇತ್ತು, ಗೌರವ ಇತ್ತು. ಅವನು ಸತ್ತಾಗ ಅತ್ತಳು, ಗೋರಿಯ ಮೇಲೆ ಗುಮ್ಮಟ ಕಟ್ಟಿಸಿದಳು. ಆದರೆ ಮನಸು ಇದ್ದದ್ದು ಖುಸ್ರೋ ಮೇಲೆ. ಇದನ್ನು ಬಚ್ಚಿಟ್ಟು ಕತೆ ಹೇಳಿದರೆ ಶೀರೀನ್‌ಗೆ ಅನ್ಯಾಯ ಮಾಡಿದ ಹಾಗೆ. ಅವಳು ಸುಮ್ನೆ ಕಾಯುತ್ತಾ ಕೂತ ಗೊಂಬೆಯಲ್ಲ. ಸ್ವಲ್ಪ ಕಾಲ ರಾಜ್ಯ ಆಳಿದವಳು, ಮದುವೆಯಿಲ್ಲದೆ ಮುಟ್ಟಗೊಡುವುದಿಲ್ಲ ಅಂತ ಹಟ ಹಿಡಿದವಳು. ಖುಸ್ರೋ ಇಸ್ಫಹಾನಿನ ಶಕರ್ ಎಂಬವಳ ಹಿಂದೆ ಹೋಗಿ, ಆಮೇಲೆ ಹಿಮ ಸುರಿಯುವ ರಾತ್ರಿ ಇವಳ ಬಾಗಿಲಿಗೆ ಬಂದಾಗ ಹೊರಗೇ ನಿಲ್ಲಿಸಿದವಳು. (ಶೀರೀನ್ ಅಂದರೆ ಸಿಹಿ, ಶಕರ್ ಅಂದರೆ ಸಕ್ಕರೆ. ನಿಜಾಮಿ ಇದರ ಮೇಲೆ ಎಷ್ಟು ಆಟ ಆಡಿದ್ದಾನೆ ಅಂದರೆ ಒಂದು ಹಂತದಲ್ಲಿ ಸಾಕಪ್ಪಾ ಅನ್ನಿಸುತ್ತದೆ.)

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಫರ್ಹಾದ್ ಸತ್ತ ಮೇಲೆ ಖುಸ್ರೋ ಶೀರೀನ್‌ಗೆ ಸಂತಾಪದ ಪತ್ರ ಬರೆಯುತ್ತಾನೆ, ಸಾಲು ಸಾಲಲ್ಲೂ ಚುಚ್ಚು. ಸ್ವಲ್ಪ ದಿನಕ್ಕೆ ಮರಿಯಮ್ ಸಾಯುತ್ತಾಳೆ. ಈಗ ಶೀರೀನ್ ಸರದಿ. ಅವಳೂ ಒಂದು ಸಂತಾಪದ ಪತ್ರ ಬರೆಯುತ್ತಾಳೆ, ಅದೇ ಧಾಟಿಯಲ್ಲಿ, ಬಡ್ಡಿ ಸೇರಿಸಿ. ಎರಡು ಹೆಣಗಳ ಮೇಲೆ ಇಬ್ಬರು ಪ್ರೇಮಿಗಳು ಲೆಕ್ಕ ತೀರಿಸಿಕೊಳ್ಳುವುದನ್ನು ಓದಿದ ಮೇಲೆ ಫರ್ಹಾದ್ ಬೇರೆ ಜಾತಿಯ ಮನುಷ್ಯ ಅಂತ ಯಾಕೆ ಅನ್ನಿಸುತ್ತಾನೆ ಗೊತ್ತಾಗುತ್ತದೆ.

ಖುಸ್ರೋ ಪೂರ್ತಿ ಖಳನಾಯಕನಾ?

ನಡುವಿನ ತನಕ ಹೌದು ಅನ್ನಬಹುದು. ಆದರೆ ಅವನ ಸಾವು ಓದಿ. ಮಗ ಶೀರೂಯಾ ಅಪ್ಪನನ್ನು ಸೆರೆಯಲ್ಲಿಟ್ಟು ಕೊಲ್ಲಿಸುತ್ತಾನೆ. ರಾತ್ರಿ ಇರಿತವಾದಾಗ ಪಕ್ಕದಲ್ಲೇ ಶೀರೀನ್ ಮಲಗಿದ್ದಾಳೆ. ಖುಸ್ರೋಗೆ ಬಾಯಾರಿಕೆ. ಎಬ್ಬಿಸಿದರೆ ಈ ರಕ್ತ ನೋಡಿ ಅವಳಿಗೆ ಮತ್ತೆ ನಿದ್ದೆ ಇಲ್ಲ ಅಂತ ನೀರು ಕೇಳದೆಯೇ ಸಾಯುತ್ತಾನೆ. ಬೆಟ್ಟ ಕಡಿಯಲು ಕಳಿಸಿದ ಅರಸ ಕೊನೆಗೆ ಫರ್ಹಾದನ ಪಾಠ ಕಲಿತ ಅಂತ ನಾನು ಓದಿಕೊಳ್ಳುತ್ತೇನೆ. ಶೀರೀನ್ ಗೋರಿಯ ಒಳಗೆ ಹೋಗಿ, ಅವನಿಗೆ ಎಲ್ಲಿ ಗಾಯವೋ ತನಗೂ ಅಲ್ಲೇ ಇರಿದುಕೊಳ್ಳುತ್ತಾಳೆ.

ಇವರೆಲ್ಲ ನಿಜವಾಗಿ ಇದ್ದವರಾ?

ಖುಸ್ರೋ ಇದ್ದ. ಸಾಸಾನಿ ವಂಶದ ಎರಡನೇ ಖುಸ್ರೋ, ಕ್ರಿ.ಶ. 590ರಿಂದ 628ರವರೆಗೆ ಆಳಿದವನು. ಮಗನ ಕಾಲದಲ್ಲೇ ಕೊಲೆಯಾದದ್ದೂ ನಿಜ. ಶೀರೀನ್ ಅವನ ಕ್ರೈಸ್ತ ಹೆಂಡತಿ. ಅವಳಿಗೆ ಮಗುವಾಗಲಿ ಅಂತ ಖುಸ್ರೋ ಸಂತ ಸರ್ಜಿಯಸ್‌ಗೆ ಹರಕೆ ಹೊತ್ತದ್ದನ್ನು ಆ ಕಾಲದ ಬೈಜಾಂಟೈನ್, ಅಂದರೆ ಕಾನ್‌ಸ್ಟಾಂಟಿನೋಪಲ್ ಸಾಮ್ರಾಜ್ಯದ ಇತಿಹಾಸಕಾರ ಬರೆದಿಟ್ಟಿದ್ದಾನೆ. ಮರಿಯಮ್ ಬಗ್ಗೆ ಬೈಜಾಂಟೈನ್ ಬರಹಗಳಲ್ಲಿ ಸುಳಿವೇ ಇಲ್ಲ.

ಫರ್ಹಾದ್? ಸುಮಾರು 1010ರಲ್ಲಿ ಮುಗಿದ ಫಿರ್ದೌಸಿಯ ಶಾಹನಾಮೆಯಲ್ಲಿ (ಇರಾನಿನ ಅರಸರ ಕತೆ ಹೇಳುವ ಕಾವ್ಯ) ಖುಸ್ರೋ, ಶೀರೀನ್ ಇಬ್ಬರೂ ಬರುತ್ತಾರೆ, ಈ ಪ್ರೇಮಿ ಇಲ್ಲ. ಆದರೆ ಅದಕ್ಕೂ ಮುಂಚೆ, 10ನೇ ಶತಮಾನದಲ್ಲಿ, ಬಲಅಮಿ ಎಂಬ ಮಂತ್ರಿಯ ಇತಿಹಾಸದಲ್ಲಿ ಶೀರೀನ್‌ಳನ್ನು ಪ್ರೀತಿಸಿದ ಫರ್ಹಾದ್, ಶಿಕ್ಷೆಯಾಗಿ ಬೀಸೊತೂನ್ ಕಡಿಯಲು ಹೋದ ಫರ್ಹಾದ್ ಇದ್ದಾನೆ. ಅಂದರೆ ನಿಜಾಮಿಗಿಂತ ಇನ್ನೂರು ವರ್ಷ ಮುಂಚೆಯೇ ಜನ ಈ ಕತೆ ಹೇಳುತ್ತಿದ್ದರು. ಮನುಷ್ಯ ಇದ್ದನೋ ಇಲ್ಲವೋ, ಬೆಟ್ಟ ಮಾತ್ರ ಇದೆ.

ಬೆಟ್ಟ ನೋಡಬಹುದಾ? ಎಲ್ಲಿದೆ?

ಪಶ್ಚಿಮ ಇರಾನಿನ ಕೆರ್ಮಾನ್‌ಶಾ ಪ್ರಾಂತದಲ್ಲಿ. ಬೀಸೊತೂನ್ ಪ್ರಪಂಚಕ್ಕೆ ಗೊತ್ತಿರುವುದು ಬೇರೆ ಕಾರಣಕ್ಕೆ. ಸಾಮ್ರಾಟ ದಾರಿಯಸ್ ಕ್ರಿ.ಪೂ. 520ರ ಹೊತ್ತಿಗೆ ಅಲ್ಲಿ ಮೂರು ಭಾಷೆಯಲ್ಲಿ ಶಾಸನ ಕೆತ್ತಿಸಿದ. ಹಳೆಯ ಪರ್ಷಿಯನ್, ಈಲಾಮೈಟ್, ಬ್ಯಾಬಿಲೋನಿಯನ್. ಮೊಳೆ ಲಿಪಿ ಓದಲು ವಿದ್ವಾಂಸರಿಗೆ ಸಿಕ್ಕ ದೊಡ್ಡ ಕೀಲಿ ಇದು. 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಅದೇ ಬೆಟ್ಟದಲ್ಲಿ ಇನ್ನೊಂದು ಜಾಗವಿದೆ, ಹೆಸರು ‘ಫರ್ಹಾದ್ ತರಾಶ್’, ಫರ್ಹಾದ್ ಕೆತ್ತಿದ್ದು ಅಂತ. ಸುಮಾರು 200 ಮೀಟರ್ ಅಗಲ, 30 ಮೀಟರ್‌ಗೂ ಹೆಚ್ಚು ಎತ್ತರಕ್ಕೆ ಬಂಡೆಯನ್ನು ಗೋಡೆಯಂತೆ ನಯ ಮಾಡಿದ್ದಾರೆ. ಮೇಲೆ ಏನೂ ಇಲ್ಲ. ಚಿತ್ರವಿಲ್ಲ, ಅಕ್ಷರವಿಲ್ಲ. ಎರಡನೇ ಖುಸ್ರೋ ಏನೋ ದೊಡ್ಡದನ್ನು ಕೆತ್ತಿಸಲು ಹೊರಟು ಅರ್ಧಕ್ಕೆ ನಿಂತದ್ದು ಅಂತ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಊರಿನವರಿಗೆ ಅದು ಸಾಕಾಗಲಿಲ್ಲ. ಅಷ್ಟು ದೊಡ್ಡ ಖಾಲಿ ಬಂಡೆ ಎದುರಿಗೆ ನಿಂತಿದ್ದರೆ, ಯಾರು ಕಡಿದರು, ಯಾಕೆ ನಿಲ್ಲಿಸಿದರು ಅನ್ನುವ ಪ್ರಶ್ನೆಗೆ ಉತ್ತರ ಬೇಕಲ್ವಾ? ಅರ್ಧಕ್ಕೆ ನಿಂತ ಕೆಲಸದಿಂದ ಅರ್ಧಕ್ಕೆ ನಿಂತ ಪ್ರೇಮ ಹುಟ್ಟಿರಬಹುದು. ಇದು ನನ್ನ ಊಹೆ.

ಹತ್ತಿರದ ತಾಕ್-ಎ-ಬೋಸ್ತಾನ್‌ನಲ್ಲಿ ಬಂಡೆಯಲ್ಲಿ ಕಡಿದ ಕಮಾನಿನೊಳಗೆ ದೊಡ್ಡ ಕುದುರೆ ಸವಾರನ ಶಿಲ್ಪವಿದೆ. ಅದು ಖುಸ್ರೋ ಮತ್ತು ಶಬ್ದೀಜ್ ಅನ್ನುತ್ತಾರೆ. ಇರಾಕ್ ಗಡಿಯ ಹತ್ತಿರ ಕಸ್ರ್-ಎ-ಶೀರೀನ್ ಅಂತ ಊರೇ ಇದೆ, ಶೀರೀನ್ ಅರಮನೆ ಅಂತ ಅರ್ಥ. ಇರಾನ್-ಇರಾಕ್ ಯುದ್ಧದಲ್ಲಿ ಆ ಊರು ನೆಲಸಮವಾಗಿತ್ತು.

ಹಾಲು ಕಾಲುವೆಯಲ್ಲಿ ಹರಿಯುತ್ತಾ? ಒಡೆದು ಹೋಗಲ್ವಾ?

ಇದನ್ನು ಪ್ರತಿ ಸಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ! ಆ ಬಿಸಿಲಲ್ಲಿ ಕಲ್ಲಿನ ಮೇಲೆ ಹರಿದ ಹಾಲು ಕೋಟೆ ಸೇರುವಷ್ಟರಲ್ಲಿ ಮೊಸರಾದರೂ ಆಶ್ಚರ್ಯವಿಲ್ಲ. ಆದರೆ ಕಾಲುವೆಯೇ ಯಾಕೆ ಅನ್ನುವುದು ಯೋಚಿಸಬೇಕಾದ ವಿಷಯ. ಇರಾನ್ ನೀರಿಗೆ ಬರ ಇರುವ ನಾಡು. ಬೆಟ್ಟದ ಬುಡದಿಂದ ನೆಲದೊಳಗೆ ಸುರಂಗ ಕೊರೆದು ನೀರು ಊರಿಗೆ ತರುವ ‘ಕನಾತ್’ ಕೆಲಸ ಅಲ್ಲಿ ಬಹಳ ಹಳೆಯದು. ಕಲ್ಲು ಕೊರೆದು ನೀರು ತರುವವನಿಗಿಂತ ದೊಡ್ಡವನು ಅಲ್ಲಿ ಯಾರು? ಈ ವಿದ್ಯೆ ನಮ್ಮಲ್ಲಿಗೂ ಬಂದಿದೆ. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರ್‌ನಲ್ಲಿ ಕಡಿದ ಕರೇಜ್, ಅಂದರೆ ಸುರಂಗದ ಕಾಲುವೆ, ಇದೇ ಪರ್ಷಿಯನ್ ಪದ್ಧತಿಯದು. ಬೀದರ್ ಕಡೆಯವರು ನೌಬಾದ್‌ನಲ್ಲಿ ಅದನ್ನು ನೋಡಿರುತ್ತೀರಿ. ಕೆಂಪು ಕಲ್ಲಿನೊಳಗೆ ಅಷ್ಟು ದೂರ ಕಡಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಭಾಷೆಯ ವಿಷಯವೂ ಇದೆ. ‘ಶೀರ್’ ಅಂದರೆ ಹಾಲು, ರಂಜಾನ್ ಹಬ್ಬದ ಶೀರ್ ಖುರ್ಮಾದಲ್ಲಿ ಇರುವುದು ಅದೇ ಶೀರ್. ಶೀರೀನ್ ಹೆಸರಿನೊಳಗೇ ಹಾಲು ಕೇಳಿಸುತ್ತದೆ. ಕವಿಗೆ ಇಷ್ಟು ಸಿಕ್ಕರೆ ಬಿಡುತ್ತಾನಾ?

ಮಜ್ನೂಗೂ ಇವನಿಗೂ ಏನು ವ್ಯತ್ಯಾಸ? ಇಬ್ಬರೂ ಪ್ರೀತಿಗೆ ಹುಚ್ಚರಾದವರೇ ತಾನೇ?

ಮಜ್ನೂ ಅರಬ್ ನಾಡಿನವನು, ಕವಿ. ಅವನ ಕತೆಯನ್ನೂ ನಿಜಾಮಿಯೇ 1188ರಲ್ಲಿ ಪರ್ಷಿಯನ್ ಕಾವ್ಯ ಮಾಡಿದ. ಮಜ್ನೂ ಪ್ರೀತಿಯಲ್ಲಿ ಎಲ್ಲ ಬಿಟ್ಟು ಮರುಭೂಮಿಗೆ ಹೋಗಿ ಹಾಡುತ್ತಾನೆ. ಫರ್ಹಾದ್ ಹಾಡುವುದು ಕಡಿಮೆ. ಅವನ ಪ್ರೀತಿ ಇರುವುದು ಕೈಯಲ್ಲಿ. ಮಜ್ನೂ ಪ್ರೀತಿಯಿಂದ ಕಾವ್ಯ ಉಳಿಯಿತು, ಇವನ ಪ್ರೀತಿಯಿಂದ ಕಾಲುವೆ. ನನಗೆ ಇವನ ಸಾವಿಗಿಂತ ಆ ಕಾಲುವೆಯೇ ದೊಡ್ಡದು ಅನ್ನಿಸುವುದು ಅದಕ್ಕೇ.

ಆಮೇಲಿನ ಕವಿಗಳು ಅವನನ್ನು ಹೇಗೆ ನೋಡಿದರು?

ಪರ್ಷಿಯನ್ ಕವಿ ಹಾಫಿಜ್ ಒಂದು ಕಡೆ, ಶೀರೀನ್ ತುಟಿಯ ಆಸೆಯಲ್ಲಿ ಫರ್ಹಾದ್ ಸುರಿಸಿದ ರಕ್ತದ ಕಣ್ಣೀರಿನಿಂದ ಈಗಲೂ ಕೆಂಪು ಲಾಲಾ (ಟ್ಯುಲಿಪ್) ಹೂ ಅರಳುವುದು ಕಾಣುತ್ತಿದೆ ಅನ್ನುತ್ತಾನೆ. 1484ರಲ್ಲಿ ಹೆರಾತ್‌ನ ಅಲೀಶೇರ್ ನವಾಯಿ ಚಗತಾಯಿ ತುರ್ಕಿ ಭಾಷೆಯಲ್ಲಿ ಬರೆದಾಗ ಹೆಸರನ್ನೇ ‘ಫರ್ಹಾದ್ ಮತ್ತು ಶೀರೀನ್’ ಅಂತ ಬದಲಿಸಿ, ಇವನನ್ನು ಚೀನಾದ ರಾಜಕುಮಾರ ಮಾಡಿಬಿಟ್ಟ. ಒಳ್ಳೆ ಉದ್ದೇಶವೇ ಇರಬೇಕು, ಆದರೆ ಕಲ್ಲುಕುಟಿಗನಿಗೆ ಕಿರೀಟ ಇಟ್ಟರೆ ಕತೆಯ ಅರ್ಧ ರುಚಿ ಹೋಯಿತು. 16ನೇ ಶತಮಾನದ ವಹ್ಶಿ ಬಾಫ್ಕಿ ಇದೇ ಕತೆ ಬರೆಯಲು ಕೂತು, ಮುಗಿಸದೇ ಸತ್ತ. ಫರ್ಹಾದನ ಕೆಲಸದ ಹಾಗೇ ಅದೂ ನಿಂತಿತು, 19ನೇ ಶತಮಾನದಲ್ಲಿ ಬೇರೆಯವರು ಮುಂದುವರಿಸಿದರು. ತುರ್ಕಿಯ ಅಮಾಸ್ಯಾ ಊರಿನವರು ಅವನು ನಮ್ಮವನೇ ಅನ್ನುತ್ತಾರೆ, ಬಂಡೆಯಲ್ಲಿ ಕಡಿದ ಹಳೇ ನೀರಿನ ಕಾಲುವೆ ತೋರಿಸುತ್ತಾರೆ.

ಎಲ್ಲರೂ ಹೊಗಳಿದರು ಅಂತೇನಿಲ್ಲ. ಉರ್ದು ಕವಿ ಗಾಲಿಬ್ ಇದ್ದಾನಲ್ಲ! ಒಂಟಿತನದ ರಾತ್ರಿ ಬೆಳಗು ಮಾಡುವುದು ಹಾಲಿನ ಕಾಲುವೆ ತಂದಷ್ಟು ಕಷ್ಟ ಅಂತ ತನ್ನ ದೀವಾನಿನ, ಅಂದರೆ ಕವನ ಸಂಗ್ರಹದ, ಮೊದಲ ಗಜಲ್‌ನಲ್ಲೇ ಹೇಳಿದವನು, ಇನ್ನೊಂದು ಕಡೆ ಕಾಲು ಎಳೆಯುತ್ತಾನೆ: ಪ್ರೀತಿಯಂತೆ, ಜತೆಗೆ ಖುಸ್ರೋನ ಸುಖದ ಮನೆಗೆ ಕೂಲಿಯಂತೆ, ಭಲೇ! ಫರ್ಹಾದನ ಒಳ್ಳೆಯ ಹೆಸರನ್ನು ನಾವು ಒಪ್ಪುವುದಿಲ್ಲ ಅನ್ನುತ್ತಾನೆ. ಮತ್ತೊಂದರಲ್ಲಿ, ಬಾಚಿ ಇಲ್ಲದೆ ಸಾಯಲೂ ಆಗಲಿಲ್ಲವಲ್ಲ ಇವನಿಗೆ, ರೂಢಿಗೆ ಕಟ್ಟುಬಿದ್ದವನು ಅಂತ ನಗುತ್ತಾನೆ. ಗಾಲಿಬ್ ಹೇಳಿದ್ದರಲ್ಲಿ ಸತ್ಯ ಇದೆ. ಎದುರಾಳಿಗೇ ದಾರಿ ಮಾಡಿಕೊಡುತ್ತಿದ್ದೇನೆ ಅಂತ ಫರ್ಹಾದನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಾಚಿ ಕೆಳಗಿಡುತ್ತಿದ್ದ ಅಂತ ನನಗೆ ನಂಬಿಕೆ ಇಲ್ಲ.

ಅಮೀರ್ ಖುಸ್ರೋ ಮತ್ತು ಈ ಖುಸ್ರೋ ಒಬ್ಬರೇನಾ?

ಅಲ್ಲ. ಅಮೀರ್ ಖುಸ್ರೋ ದಿಲ್ಲಿಯ ಕವಿ, 1325ರಲ್ಲಿ ತೀರಿಕೊಂಡವರು. ನಿಜಾಮಿಗೆ ಉತ್ತರವಾಗಿ ಅವರೂ ‘ಶೀರೀನ್ ಮತ್ತು ಖುಸ್ರೋ’ ಅಂತ ಕಾವ್ಯ ಬರೆದದ್ದರಿಂದ ಗೊಂದಲ ಜಾಸ್ತಿಯಾಗಿದೆ.

ಹಳೇ ಪರ್ಷಿಯನ್ ಚಿತ್ರಗಳಲ್ಲಿ ಫರ್ಹಾದನನ್ನು ಗುರುತಿಸುವುದು ಹೇಗೆ?

ಸುಲಭ. ಕೊಳದಲ್ಲಿ ಹುಡುಗಿ, ಕುದುರೆ ಮೇಲೆ ಕೂತು ಬೆರಳು ಕಚ್ಚಿಕೊಂಡು ನೋಡುವ ಗಂಡಸು ಇದ್ದರೆ ಅದು ಖುಸ್ರೋ. ಬಂಡೆಯ ಪಕ್ಕ ಬಾಚಿ ಹಿಡಿದು ನಿಂತವನಿಗೆ ಸಿಂಗರಿಸಿಕೊಂಡ ಹೆಂಗಸು ಭೇಟಿ ಕೊಡುತ್ತಿದ್ದರೆ ಇವನು. ಇನ್ನೂ ಅನುಮಾನ ಬಂದರೆ ಕುದುರೆ ಎಲ್ಲಿದೆ ನೋಡಿ. ಎಲ್ಲರೂ ಕುದುರೆಯ ಮೇಲೆ ಇರುತ್ತಾರೆ, ಇವನೊಬ್ಬ ಅದರ ಕೆಳಗೆ ಇರುತ್ತಾನೆ.